ಸಹಾಯ ಬೇಕು: ಜಾತ್ರೆಗೆ ಬರೋ ನೆಂಟರ ಕೌದಿಗಳನ್ನು ವರ್ಷವಿಡೀ ಎಲ್ಲಿಡೋದು?

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳದಲ್ಲಿ ಎರಡು ರೂಮಿನ ಬಾಡಿಗೆ ಮನೆ. ವರ್ಷ ಪೂರ್ತಿ ಮುಟ್ಟದ ಸಾಮಾನು ತೆಗೆದುಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಳೆ ಪೇಪರ್, ಡಬ್ಬಿ, ಒಡೆದ ಬಕೆಟ್ ಎಲ್ಲ ಗುಜರಿಗೆ ಹಾಕಿದೆ. ಆದರೆ ಜನವರಿಯಲ್ಲಿ ಗವಿಮಠದ ಜಾತ್ರೆಗೆ ಮನೆ ತುಂಬ ನೆಂಟರು ಬರುತ್ತಾರೆ. ಆಗ ಕೌದಿ ಬೇಕೇ ಬೇಕು. ಅತ್ತೆ ಹಳೆ ಸೀರೆಗಳಿಂದ ಕೈಯಲ್ಲೇ ಹೊಲಿದದ್ದು, ಯಾರಿಗೂ ಕೊಡೋ ಮಾತೇ ಇಲ್ಲ.

ಅಟ್ಟದಲ್ಲಿ ಇಟ್ಟು ನೋಡಿದೆ, ಧೂಳು, ಇಲಿ ಕಾಟ. ಟ್ರಂಕಿಗೆ ಹಾಕಿದರೆ ಮಳೆಗಾಲದಲ್ಲಿ ಮುಗ್ಗು ವಾಸನೆ. ಗಾಳಿ ತೆಗೆದು ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿ ಜಾಗ ಉಳಿಯುತ್ತೆ ಅಂತಾರೆ. ದಪ್ಪ ಹತ್ತಿ ಕೌದಿ ಅಷ್ಟು ದಿನ ಅದರಲ್ಲಿದ್ದರೆ ಬಟ್ಟೆ ಹಾಳಾಗಲ್ವಾ? ಹಾಗೆ ಇಟ್ಟವರು ಯಾರಾದರೂ ಇದ್ದೀರಾ? ಚೀಲವೋ, ಟ್ರಂಕೋ, ಯಾವುದು ಒಳ್ಳೆಯದು ಹೇಳಿ.