ಸಹಾಯ ಬೇಕು: ಅಧಿಕಾರ ಮನುಷ್ಯನನ್ನು ಕೆಡಿಸುವ ಬಗ್ಗೆ ಕನ್ನಡದಲ್ಲಿ ಏನು ಓದಿಸಲಿ?

ಎಲ್ಲರಿಗೂ ನಮಸ್ಕಾರ. ಪದವಿ ವಿದ್ಯಾರ್ಥಿಗಳ ಜೊತೆ ಕಾರ್ನಾಡರ ‘ತುಘಲಕ್’ (1964) ನಾಟಕ ಓದುತ್ತಿದ್ದೇನೆ. ಅವರಲ್ಲಿ ಜಾಸ್ತಿ ಜನ, ದೊರೆ ತುಘಲಕ್ ಮೊದಲಿನಿಂದಲೂ ಕೆಟ್ಟವನೇ ಅಂತ ವಾದ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶುರುವಿನಲ್ಲಿ ತನ್ನ ಮೇಲೇ ದಾವೆ ಹೂಡಲು ಪ್ರಜೆಗೆ ಅವಕಾಶ ಕೊಟ್ಟು, ಸೋತಾಗ ತೀರ್ಪನ್ನೂ ಒಪ್ಪಿಕೊಂಡ ದೊರೆ, ಆಮೇಲೆ ಇಡೀ ದೆಹಲಿಯನ್ನೇ ದೌಲತಾಬಾದಿಗೆ ಎಬ್ಬಿಸಿಕೊಂಡು ಹೋಗುವಷ್ಟು ಕುರುಡನಾಗುತ್ತಾನಲ್ಲ, ಆ ನಡುವಿನ ದಾರಿಯೇ ನನಗೆ ಮುಖ್ಯ.

ರಾಜಕೀಯದಿಂದ ತುರ್ತು ಪರಿಸ್ಥಿತಿಯ ಉದಾಹರಣೆ ಇಟ್ಟುಕೊಂಡಿದ್ದೇನೆ. 1971ರಲ್ಲಿ ಭಾರಿ ಬಹುಮತದಿಂದ ಗೆದ್ದ ಇಂದಿರಾ ಗಾಂಧಿಯವರ ಆಯ್ಕೆಯನ್ನು 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿತು. 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಆಗಸ್ಟ್‌ನಲ್ಲಿ ಸಂವಿಧಾನಕ್ಕೆ 39ನೇ ತಿದ್ದುಪಡಿ ತಂದು ಪ್ರಧಾನಿಯ ಆಯ್ಕೆಯನ್ನೇ ಕೋರ್ಟುಗಳ ಕೈಗೆ ಸಿಗದಂತೆ ಮಾಡಿದರು. ಆಗ ಬಂಧನಕ್ಕೊಳಗಾದ ನಮ್ಮ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇದನ್ನು ಹೇಳುವಾಗ ಈಗಲೂ ಸಿಟ್ಟು ಬರುತ್ತದೆ.

ಆದರೆ ಇವೆರಡೂ ದೊಡ್ಡ ಗದ್ದುಗೆಯ ಕಥೆಗಳು, ಅಲ್ವಾ? ಪಂಚಾಯಿತಿ, ಸಹಕಾರ ಸಂಘ, ಮಠದಂಥ ಕಡೆ ಒಳ್ಳೆಯವರೊಬ್ಬರು ಸ್ವಲ್ಪ ಸ್ವಲ್ಪವಾಗಿ ಬದಲಾಗುವ ಕನ್ನಡ ಕಥೆ, ಕಾದಂಬರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಆ ಕಾಲದಲ್ಲಿ ಜೈಲಿಗೆ ಹೋದವರು ಕನ್ನಡದಲ್ಲಿ ಬರೆದ ನೆನಪುಗಳಿದ್ದರೂ ಬೇಕು. ಸುಮ್ನೆ ಹೆಸರು ಹೇಳಿದರೂ ಸಾಕು, ನಾನೇ ಹುಡುಕಿಕೊಳ್ಳುತ್ತೇನೆ.