ಕಾರು ನಾಲ್ಕು ದಿನ ನಿಂತರೆ ಬ್ಯಾಟರಿ ಖಾಲಿ: ಅನುಭವ ಇದ್ದೋರು ಹೇಳಿ

ಕೇಳಿದವರು: ಪೆಟ್ರೋಲ್ ಹ್ಯಾಚ್‌ಬ್ಯಾಕ್, 35 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ, ಹಾಕಿಸಿ ಆರು ತಿಂಗಳು. ನಾಲ್ಕನೇ ದಿನ ಸೆಲ್ಫ್ ಎತ್ತಲ್ಲ, ಬರೀ ಕಟಕಟ. ಇಂಜಿನ್ ಓಡುವಾಗ 14.2 ವೋಲ್ಟ್ ಇದೆ. ಎಲ್ಲಿಂದ ಹುಡುಕೋದು?

ಹಳೇ ಸ್ಪ್ಯಾನರ್: ಹೊಸ ಬ್ಯಾಟರಿ ಮಾತ್ರ ಹಾಕಿಸ್ಬೇಡಿ. ಎರಡಕ್ಕೆ 8,600 ಸುರಿದಾಯ್ತು ನಂದು. ಕಳ್ಳ ಡಿಕ್ಕಿ ಲೈಟು. 5 ವ್ಯಾಟ್ ಬಲ್ಬ್ ಅಂದ್ರೆ 0.4 ಆಂಪಿಯರ್, ದಿನಕ್ಕೆ ಹತ್ತು ಎಎಚ್ ಹತ್ರ. ಫೋನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿ, ಆರುತ್ತೋ ಇಲ್ವೋ ಕಾಣುತ್ತೆ.

ಮಿಲಿಆಂಪ್: ಊಹೆ ಬಿಡಿ, ಅಳೀರಿ. ಬಾಗಿಲು ತೆರೆದು ಅದರ ಲಾಚನ್ನ (ಕೊಂಡಿ) ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಹಾಗೆ ಮಾಡಿ, ಕೀ ದೂರ ಇಡಿ. ನೆಗೆಟಿವ್ ಕೇಬಲ್ ಬಿಚ್ಚಿ, ಮಲ್ಟಿಮೀಟರಿನ 10 ಆಂಪ್ ಸಾಕೆಟ್ಟಲ್ಲಿ ಸೀರೀಸ್ ಹಾಕಿ (ಬ್ಯಾಟರಿಗೂ ಬಿಚ್ಚಿದ ಕೇಬಲಿಗೂ ನಡುವೆ) ಅರ್ಧ ಗಂಟೆ ಕಾಯಿರಿ. ಮೊದಲು ಆಂಪ್‌ಗಟ್ಟಲೆ ತೋರಿಸುತ್ತೆ, ಗಾಬರಿ ಬೇಡ. ಕೊನೆಗೆ 50 ಮಿಲಿಆಂಪ್ ಒಳಗೆ ನಿಂತರೆ ಸರಿ. 300 ಇದ್ರೆ ಒಂದೊಂದೇ ಫ್ಯೂಸ್ ಕೀಳಿ, ಯಾವುದು ಕಿತ್ತಾಗ ಇಳಿಯುತ್ತೋ ಆ ಲೈನಲ್ಲೇ ಲೀಕ್. ಆಗ ಅಪ್ಪಿತಪ್ಪಿ ಸೆಲ್ಫ್ ಹೊಡೀಬೇಡಿ, ಮೀಟರ್ ಫ್ಯೂಸ್ ಢಮಾರ್.

ವೈರಿಂಗ್ ಭಟ್ಟ: ಫ್ಯೂಸ್ ಕಿತ್ತು ಹಾಕಿದ್ರೆ ಮಲಗಿದ್ದ ಮಾಡ್ಯೂಲ್ (ಕಾರಿನ ಎಲೆಕ್ಟ್ರಾನಿಕ್ ಪೆಟ್ಟಿಗೆ) ಮತ್ತೆ ಎದ್ದು ಕೂರುತ್ತೆ ಸ್ವಾಮಿ. ಕೇಬಲ್ ಬಿಚ್ಚಿದಾಗಲೇ ಕೆಲವು ರೀಸೆಟ್ ಆಗಿ ದೋಷವೇ ಮಾಯ. ಫ್ಯೂಸ್ ತಲೆ ಮೇಲಿನ ಎರಡು ಲೋಹದ ಚುಕ್ಕಿಗಳ ನಡುವೆ ಮಿಲಿವೋಲ್ಟ್ ನೋಡಿ. 10 ಆಂಪ್ ಮಿನಿ ಫ್ಯೂಸಲ್ಲಿ 0.8 ಬಂದ್ರೆ ಸುಮಾರು 100 ಮಿಲಿಆಂಪ್ ಹರೀತಿದೆ.

ಮಿಲಿಆಂಪ್: 350 ರೂಪಾಯಿ ಮೀಟರಲ್ಲಿ 0.1 ಮಿಲಿವೋಲ್ಟ್ ನಂಬೋದಾ? ರೀಸೆಟ್ ಭಯ ಇದ್ರೆ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೂ ಕೇಬಲ್ ತುದಿಯ ಕ್ಲಾಂಪಿಗೂ ಜಂಪರ್ ವೈರ್ ಕಚ್ಚಿಸಿ ಕ್ಲಾಂಪ್ ಎತ್ತಿ, ಮೀಟರ್ ಸೇರಿಸಿ, ಆಮೇಲೆ ಜಂಪರ್ ತೆಗೀರಿ. ಕರೆಂಟ್ ಕಡಿಯಲ್ಲ.

ವೈರಿಂಗ್ ಭಟ್ಟ: ಇದನ್ನ ಮೊದಲೇ ಹೇಳೋಕೆ ಏನಾಗಿತ್ತು? ಹೊಸಬರು ಕೇಬಲ್ ಬಿಚ್ಚಿಯಾಯ್ತು.

ಡೀಸೆಲ್ ಅಣ್ಣ: ಎಲ್ಲಾ ಫ್ಯೂಸ್ ಕಿತ್ರೂ ಇಳೀದಿದ್ರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋ ಡೈನಮೋ) ಡಯೋಡ್ ನೋಡಿ. ಚಾರ್ಜಿಂಗ್ 14.2 ಇದ್ರೂ ಲೀಕ್ ಇರಬಹುದು. ಬ್ಯಾಟರಿ ನೆಗೆಟಿವ್ ತೆಗೆದೇ ಆಲ್ಟರ್ನೇಟರಿನ ದಪ್ಪ ಕೇಬಲ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಅಳೀರಿ. ಆ ಡಯೋಡ್ ಇರೋ ರೆಕ್ಟಿಫೈಯರ್ ಪ್ಲೇಟಿಗೆ ನನಗೆ 2,800 ಬಿತ್ತು. ಇಲ್ಲಾಂದ್ರೆ 250ರ ಕಟಾಫ್ ಸ್ವಿಚ್ ಹಾಕ್ಸಿ ಸುಮ್ನಿರಿ.

ಹಳೇ ಸ್ಪ್ಯಾನರ್: ಸ್ವಿಚ್ ಹಾಕಿ ಲೀಕ್ ಮುಚ್ಚಿಡೋದಾ? ಅಲಾರಂ, ಗಡಿಯಾರ, ಸ್ಟೀರಿಯೋ ಸೆಟ್ಟಿಂಗ್ ಎಲ್ಲಾ ದಿನಾ ಹೋಗುತ್ತೆ.

ಡೀಸೆಲ್ ಅಣ್ಣ: ಎರಡು ಬ್ಯಾಟರಿ ಸುಟ್ಟೋರು ಬುದ್ಧಿ ಹೇಳ್ತಾರೆ!

ಕೇಳಿದವರು: ಸ್ಟೀರಿಯೋ ಹೊರಗಡೆ ಹಾಕಿಸಿದ್ದು. ಹಿಂದೆ ನೋಡಿದೆ, ಹಳದಿ ಕೆಂಪು ಎರಡೂ ವೈರ್ ಸೇರಿಸಿ ತಿರುಚಿದ್ದಾರೆ.

ವೈರಿಂಗ್ ಭಟ್ಟ: ಸಿಕ್ತಲ್ಲ! ಹಳದಿ ಕಾಯಂ ಸಪ್ಲೈ, ಕೆಂಪು ಕೀ ತಿರುಗಿಸಿದಾಗ ಮಾತ್ರ. ಬೇರೆ ಮಾಡಿ, ಕೆಂಪನ್ನ ಎಸಿಸಿ ಲೈನಿಗೆ (ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರೋ ವೈರ್) ಕೊಡಿ. ಮತ್ತೆ ಅಳೆದು ನಂಬರ್ ಹಾಕಿ. ಜಂಪರ್ ಇಟ್ಟು.