ಬಡಾವಣೆಯ ಪಾರ್ಕ್ ಉಳಿಸಿಕೊಂಡವರು ಅನುಭವ ಹೇಳಿ

ಪ್ರಶ್ನೆ: ನಮ್ಮದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಒಂದು ಬಡಾವಣೆ. ಮನೆ ಎದುರಿನ ಪಾರ್ಕ್ ಜಾಗದಲ್ಲಿ ಒಂದು ತಿಂಗಳಿಂದ ಯಾರೋ ಡೆಬ್ರಿ ಸುರಿಯುತ್ತಿದ್ದಾರೆ. ಅಲ್ಲಿ ಸಮುದಾಯ ಭವನ ಬರುತ್ತದಂತೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ 1: ಮೊದಲು ಬಡಾವಣೆಯ ಮಂಜೂರಾದ ನಕ್ಷೆ ತೆಗೆಸಿ. ಮನವಿ, ಪ್ರತಿಭಟನೆ ಎಲ್ಲ ಆಮೇಲೆ. ನಾವು ಇದನ್ನು ಉಲ್ಟಾ ಮಾಡಿ ಎಂಟು ತಿಂಗಳು ಕಳೆದುಕೊಂಡೆವು. ಇನ್ನೂರು ಸಹಿ ಹಿಡಿದು ಕಚೇರಿಗೆ ಹೋದರೆ, ಎಂಜಿನಿಯರ್ ಕೇಳಿದ್ದು ಒಂದೇ ಪ್ರಶ್ನೆ: "ಅದು ಪಾರ್ಕೋ, ಸಿಎ ಸೈಟೋ?" ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ನಕ್ಷೆಯ ದೃಢೀಕೃತ ನಕಲು ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮಗೆ ನಕ್ಷೆ ಬಂದ ದಿನ ಅದನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ಸ್ಟೀಲ್ ಲೋಟ ಇಟ್ಟು, ಸೈಟ್ ನಂಬರುಗಳ ಮೇಲೆ ಬೆರಳಾಡಿಸುತ್ತಾ ಹುಡುಕಿದೆವು. ನಾವು ಹೋರಾಡುತ್ತಿದ್ದದ್ದು ಎರಡು ಜಾಗಕ್ಕೆ. ಒಂದರ ಮೇಲೆ ಪಾರ್ಕ್ ಅಂತ ಇತ್ತು. ಇನ್ನೊಂದು, ಮಕ್ಕಳು ಕ್ರಿಕೆಟ್ ಆಡುತ್ತಿದ್ದ ಜಾಗ, ಸಿಎ ಸೈಟ್. ಅಂದರೆ ಶಾಲೆ, ಆಸ್ಪತ್ರೆ, ಸಮುದಾಯ ಭವನದಂಥ ನಾಗರಿಕ ಸೌಲಭ್ಯಕ್ಕೆ ಬಿಟ್ಟದ್ದು. ಅದು ಕೈಬಿಟ್ಟು ಹೋಯಿತು. ಇವತ್ತಿಗೂ ಆ ರಸ್ತೆಯಲ್ಲಿ ನಡೆದರೆ ಸಂಕಟವಾಗುತ್ತದೆ.

ನಿಮ್ಮದು ನಕ್ಷೆಯಲ್ಲಿ ಪಾರ್ಕ್ ಅಂತ ಇದ್ದರೆ ಗಟ್ಟಿಯಾಗಿ ನಿಲ್ಲಿ. ಬಿಡಿಎ ಕಾಯ್ದೆಯ 38ಎ ಕಲಂ ಪ್ರಕಾರ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಪ್ರಾಧಿಕಾರ ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ. ಕೊಟ್ಟರೂ ಅದು ಊರ್ಜಿತವಲ್ಲ. ಬಿ.ಎಸ್. ಮುದ್ದಪ್ಪ ಪ್ರಕರಣದ 1991ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಮನವಿಗೆ ಲಗತ್ತಿಸಿ. ರಾಜಮಹಲ್ ವಿಲಾಸ್ ಬಡಾವಣೆಯ ಪಾರ್ಕ್ ಜಾಗ ಖಾಸಗಿ ಆಸ್ಪತ್ರೆಗೆ ಮಂಜೂರಾಗಿತ್ತು. ಸುತ್ತಲಿನ ನಿವಾಸಿಗಳು ಕೋರ್ಟಿಗೆ ಹೋದರು, ಕೊನೆಗೆ ಗೆದ್ದರು. ಪಾರ್ಕ್ ಹೋದರೆ ಕೇಳುವ ಹಕ್ಕು ಅಕ್ಕಪಕ್ಕದವರಿಗೆ ಇದೆ ಅಂತ ಕೋರ್ಟ್ ಒಪ್ಪಿತು. "ಭವನವೂ ಜನರಿಗೇ ಅಲ್ವಾ?" ಅಂತ ನಿಮ್ಮನ್ನು ಖಂಡಿತ ಕೇಳುತ್ತಾರೆ. ಆಸ್ಪತ್ರೆಯೂ ಜನರಿಗೇ ಆಗಿತ್ತು, ಅದಕ್ಕೂ ಪಾರ್ಕ್ ಕೊಡಲಿಲ್ಲ ಅನ್ನಿ.

ಉತ್ತರ 2: ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಕ್ಷೆ ಬರುವ ತನಕ ಸುಮ್ನೆ ಕೂರಬೇಡಿ. ನಮ್ಮ ಬೀದಿಯಲ್ಲಿ ಮೊದಲು ಬಂದದ್ದು ಎರಡು ಟ್ರ್ಯಾಕ್ಟರ್ ಇಟ್ಟಿಗೆ ಚೂರು. ಆಮೇಲೆ ಅದನ್ನು ಸಮ ಮಾಡಿದರು. ಆಮೇಲೆ ತಗಡಿನ ಶೆಡ್ ಬಂತು, ಶೆಡ್ಡಿಗೆ ಕರೆಂಟೂ ಬಂತು. ದಿನಾ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ, ಪಕ್ಕದ ಮನೆಯೋ ಮರವೋ ಅದರಲ್ಲಿ ಕಾಣಲಿ. ಯಾವಾಗ ಏನು ಬಂತು ಅನ್ನುವ ವಾದವೇ ಇರುವುದಿಲ್ಲ. ದೂರು ಬರೆದು ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಉತ್ತರ 3: ಜಾಗ ಖಾಲಿ ಕಾಣದ ಹಾಗೆ ನೋಡಿಕೊಳ್ಳಿ. ನಾವು ಆರು ಜನ ಹೆಂಗಸರು ಸಂಜೆ ಅಲ್ಲೇ ಚಾಪೆ ಹಾಸಿ ಕೂರುತ್ತಿದ್ದೆವು, ಸೊಪ್ಪು ಬಿಡಿಸುವುದೂ ಅಲ್ಲೇ. ಮಧ್ಯಾಹ್ನ ಪಾರ್ಕಿಗೆ ಬೀಗ ಹಾಕುವುದನ್ನೂ ನಿಲ್ಲಿಸಿದೆವು. ಗಾರೆ ಕೆಲಸದವರು ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಒಂದು ದಿನ ಮಧ್ಯಾಹ್ನ ಜೆಸಿಬಿ ಬಂದಾಗ ಓಡಿ ಬಂದು ಹೇಳಿದ್ದು ಅವರೇ.

ಇನ್ನೊಂದು ಮಾತು. ಜಾಗ ಉಳಿದ ಮೇಲೆ ಅಭಿವೃದ್ಧಿ ಅಂತ ಇಂಟರ್‌ಲಾಕ್ ಟೈಲ್ಸ್ ತಂದು ಸುರಿಯುತ್ತಾರೆ. ನಾವು ಖುಷಿಯಲ್ಲಿ ಒಪ್ಪಿಬಿಟ್ಟೆವು. ಬುಡದ ತನಕ ಕಾಂಕ್ರೀಟ್ ಬಂದು ಎರಡು ಹೊಂಗೆ ಒಣಗಿದವು. ನೀವು ಕೆಲಸ ನಡೆಯುವಾಗ ಎದುರಿಗೇ ನಿಂತು, ಪ್ರತಿ ಮರದ ಸುತ್ತ ಮೂರ‍್ನಾಲ್ಕು ಅಡಿ ಮಣ್ಣು ಬಿಡಿಸಿ.